ಡಬ್ಬಿ ಮತ್ತು ಡಬ್ಬಿ ಕೆ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ನಮ್ಮ ಫ್ಯಾಕ್ಟರಿಯಲ್ಲಿ ಎಲ್ಲರೂ ಹೇಳುತ್ತಾರೆ. ಇರಬಹುದು. ಆದರೆ ಈ ವಿಷಯದಲ್ಲಿ ನನ್ನ ಸಿಟ್ಟು ಮೂಗಿನ ತುದಿಯದಲ್ಲ, ಹೊಟ್ಟೆಯೊಳಗಿನದು. ಒಂದು ವಿಡಿಯೊ ಗೇಮ್ ಯಂತ್ರಕ್ಕೆ ಯಾರೋ ಇಟ್ಟ ಹೆಸರಿನ ಮೇಲೆ ಇಷ್ಟೊಂದು ಸಿಟ್ಟೇ ಎಂದು ನಗುವವರು ನಗಲಿ. ಅವರು ಆ ದಿನ ನಮ್ಮ ಮನೆಯ ಹಾಲ್‌ನಲ್ಲಿ ಕೂತಿರಲಿಲ್ಲ.

ಆ ಯಂತ್ರದ ನಿಜವಾದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವರಿಗೆ ಪುಕ್ಕಟೆ ಪ್ರಚಾರ ಕೊಡುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ಟೀವಿಗೆ ಸಿಕ್ಕಿಸಿ ಆಡುವ ಕಪ್ಪು ಪೆಟ್ಟಿಗೆ ಅದು. ಮನೆಯಲ್ಲಿ ಅದನ್ನು ನಾವು ಡಬ್ಬಿ ಎನ್ನುತ್ತೇವೆ, ಇಲ್ಲೂ ಹಾಗೇ ಅನ್ನುತ್ತೇನೆ.

ನಾವು ಗದಗಿನ ಕಡೆಯವರು. ಮದುವೆಯಾದ ಹೊಸದರಲ್ಲಿ ಪೀಣ್ಯಕ್ಕೆ ಬಂದವರು ಇಲ್ಲೇ ಉಳಿದೆವು. ನಾಗಸಂದ್ರದಲ್ಲಿ ಒಂದು ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೇವೆ. ವಾಹನಗಳ ಬ್ರಾಕೆಟ್ ಮಾಡುವ ಸಣ್ಣ ಫ್ಯಾಕ್ಟರಿಯಲ್ಲಿ ನನ್ನದು ಇನ್‌ಸ್ಪೆಕ್ಷನ್ ಕೆಲಸ. ತಯಾರಾಗಿ ಬಂದ ಮಾಲು ಡ್ರಾಯಿಂಗಿನಲ್ಲಿ ಇದ್ದಂತೆ ಇದೆಯೇ ಎಂದು ಅಳೆಯಬೇಕು. ಇದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು ಚೀಟಿ. ಕೆಂಪು ಚೀಟಿ ಅಂಟಿಸುವಾಗ ನಾನು ಯಾರ ಮುಖವನ್ನೂ ನೋಡುವುದಿಲ್ಲ, ಅದಕ್ಕೇ ಸೂಪರ್‌ವೈಸರ್‌ಗಳಿಗೆ ನಾನೆಂದರೆ ಅಷ್ಟಕ್ಕಷ್ಟೆ. ನನ್ನ ಗಂಡ ಹಿಂದಿನ ರಸ್ತೆಯ ಇನ್ನೊಂದು ಫ್ಯಾಕ್ಟರಿಯಲ್ಲಿ ತಗಡು ಒತ್ತುವ ಪವರ್ ಪ್ರೆಸ್ ಓಡಿಸುತ್ತಿದ್ದರು. ಒಬ್ಬಳೇ ಮಗಳು, ಈಗ ಪಿಯುಸಿ ಓದುತ್ತಿದ್ದಾಳೆ.

ಡಬ್ಬಿ ನಮ್ಮ ಮನೆಗೆ ಬಂದಿದ್ದು ಸೆಕೆಂಡ್ ಹ್ಯಾಂಡಾಗಿ. ಎದುರು ಮನೆಯ ಬಾಡಿಗೆಯ ಹುಡುಗರು ಖಾಲಿ ಮಾಡಿ ವೈಟ್‌ಫೀಲ್ಡಿಗೆ ಹೋಗುವಾಗ ಸಿಲಿಂಡರು, ಮಂಚ, ಡಬ್ಬಿ ಮೂರನ್ನೂ ಮಾರಿ ಹೋದರು. ಸಿಲಿಂಡರು ನನಗೆ ಬೇಕಿತ್ತು, ಡಬ್ಬಿ ಅಪ್ಪ ಮಗಳಿಗೆ ಬೇಕಿತ್ತು. ಅದರಲ್ಲೊಂದು ಕಾರ್ ರೇಸಿತ್ತು. ಭಾನುವಾರ ಬಂತೆಂದರೆ ಇಬ್ಬರೂ ಟೀವಿಯ ಮುಂದೆ ಚಾಪೆ ಹಾಸಿ ಕೂರುವರು. ಇವರು ತಿರುವು ಬಂದಾಗ ಇಡೀ ಮೈಯನ್ನೇ ವಾಲಿಸುವರು, ಒಮ್ಮೊಮ್ಮೆ ಮಗಳ ಮೇಲೇ ಉರುಳುವರು. ಮಗಳು ಚಿಕ್ಕವಳು, ಒಂದು ಸಲವಾದರೂ ಗೆಲ್ಲಿಸಿ ಎಂದರೆ ಕೇಳುತ್ತಿರಲಿಲ್ಲ. "ಸೋತ ಕಲೀಬೇಕು," ಎನ್ನುವರು. ಅವಳು ಅತ್ತು, ಮುನಿಸಿಕೊಂಡು, ಮತ್ತೆ ಬಂದು ಕೂರುವಳು. ನಾನು ರೊಟ್ಟಿ ಬಡಿಯುತ್ತಾ ಇಬ್ಬರನ್ನೂ ಬಯ್ಯುವೆ. ನಮ್ಮ ಮನೆಯ ಸುಖ ಅಂದರೆ ಅಷ್ಟೇ, ಮತ್ತು ನಮಗೆ ಅಷ್ಟು ಸಾಕಾಗಿತ್ತು.

ಹೋದ ವರ್ಷ ಯುಗಾದಿ ಕಳೆದ ಮೇಲೆ, ಒಂದು ಸಲ ಇಳಿಯಬೇಕಾದ ಪ್ರೆಸ್ಸು ಎರಡು ಸಲ ಇಳಿಯಿತು. ಇವರ ಬಲಗೈಯ ನಡುವಿನ ಮೂರು ಬೆರಳು ಹೋದವು. ಹೆಬ್ಬೆರಳು, ಕಿರುಬೆರಳು ಉಳಿದವು.

ಕೈ ಅಡ್ಡ ಬಂದರೆ ಪ್ರೆಸ್ಸನ್ನು ತಡೆಯುವ ಸಾಧನವೊಂದಿರುತ್ತದೆ. ಅದಿದ್ದರೆ ಕೆಲಸ ನಿಧಾನವಾಗುತ್ತದೆಂದು ಅವರ ಫ್ಯಾಕ್ಟರಿಯಲ್ಲಿ ಅದನ್ನು ಬಿಚ್ಚಿಟ್ಟಿದ್ದರು. ಆಫೀಸಿನವರು ಆಸ್ಪತ್ರೆಗೆ ಬಂದಾಗ ನಾನು ಔಷಧಿ ತರಲು ಕೆಳಗೆ ಹೋಗಿದ್ದೆ. ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಕಾರ್ಮಿಕನ ಅಜಾಗರೂಕತೆಯಿಂದ ಹೀಗಾಯಿತು ಎಂದು ಬರೆದ ಕಾಗದಕ್ಕೆ ಇವರಿಂದ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರು. ಬಲಗೈ ತುಂಬ ಬ್ಯಾಂಡೇಜು, ಸಹಿ ಮಾಡಲಾಗುವುದಿಲ್ಲವಲ್ಲ. ನಾನಿದ್ದಿದ್ದರೆ ಆ ಕಾಗದವನ್ನು ಅವರ ಮುಖದ ಮುಂದೆಯೇ ಹರಿಯುತ್ತಿದ್ದೆ. ಒತ್ತದಿದ್ದರೆ ಕೆಲಸವೂ ಇಲ್ಲ ಎಂದರಂತೆ. ಈಗ ಇವರನ್ನು ಅದೇ ಫ್ಯಾಕ್ಟರಿಯ ಗೇಟಿನಲ್ಲಿ ಕೂರಿಸಿದ್ದಾರೆ.

ಆಮೇಲೆ ಆ ಕೈ ಕಿಸೆ ಸೇರಿತು. ಟೈಲರ್ ಹತ್ತಿರ ಹೋಗಿ ಎಲ್ಲ ಪ್ಯಾಂಟುಗಳ ಬಲಗಿಸೆಯನ್ನು ದೊಡ್ಡದು ಮಾಡಿಸಿಕೊಂಡು ಬಂದರು. ಮದುವೆ ಮುಂಜಿಗೆ ಬರುವುದು ನಿಲ್ಲಿಸಿದರು, ಪಂಕ್ತಿಯಲ್ಲಿ ಎಲ್ಲರೆದುರು ಉಣ್ಣಬೇಕಾಗುತ್ತದೆಂದು. ಮನೆಯಲ್ಲೂ ಗೋಡೆಯ ಕಡೆ ತಿರುಗಿ ಎಡಗೈಯಲ್ಲಿ ಚಮಚ ಹಿಡಿದು ಉಣ್ಣುತ್ತಿದ್ದರು. ಯಾರಾದರೂ ಕೈಗೇನಾಯಿತು ಎಂದು ಕೇಳಿದರೆ ಒಂದೇ ಉತ್ತರ: "ನಂದ ತಪ್ಪರಿ. ಲಕ್ಷ್ಯ ಇರಲಿಲ್ಲ." ಅದನ್ನು ಕೇಳಿದಾಗಲೆಲ್ಲ ನನ್ನ ಮೈ ಉರಿಯುತ್ತಿತ್ತು. ಅವರಿವರಿಗೆ ಹೇಳಿ ಹೇಳಿ ಅದನ್ನು ಇವರೇ ನಂಬಿಬಿಟ್ಟಿದ್ದರು.

ರೇಸೂ ನಿಂತಿತು. ಡಬ್ಬಿಯನ್ನು ಆಡಿಸುವ ಪ್ಯಾಡ್ ಎರಡು ಕೈಯಲ್ಲಿ ಹಿಡಿಯುವಂಥದ್ದು, ಕಾರು ಓಡಬೇಕಾದರೆ ಬಲಗೈ ತೋರುಬೆರಳಿನಿಂದ ಒತ್ತಬೇಕು. ಆ ಬೆರಳೇ ಇಲ್ಲ. ಮಗಳು ಕರೆದರೆ "ನೀನ ಆಡವ್ವಾ" ಎಂದು ಮಹಡಿ ಮೆಟ್ಟಿಲ ಮೇಲೆ ಹೋಗಿ ಕೂರುವರು. ಅವಳು ಒಬ್ಬಳೇ ಆಡಿ, ಒಬ್ಬಳೇ ಗೆದ್ದು, ಟೀವಿ ಆರಿಸುವಳು. ನನಗೆ ಅಪ್ಪನ ಬೆರಳಿಗಿಂತ ಮಗಳ ಆ ಗೆಲುವನ್ನು ನೋಡುವುದೇ ಕಷ್ಟವಾಗುತ್ತಿತ್ತು.

ಈ ಸಲ ದಸರೆಗೆ ಮುಂಚೆ ಮಗಳು ನನ್ನನ್ನು ಅಡುಗೆಮನೆಯಲ್ಲಿ ಹಿಡಿದಳು. "ಅಮ್ಮಾ, ಇದನ್ ನೋಡು. ಅಪ್ಪಂಗೆ ಹೇಳ್ಬೇಡ," ಎಂದು ಫೋನಿನಲ್ಲೊಂದು ವಿಡಿಯೊ ತೋರಿಸಿದಳು. ಯಾವುದೋ ದೇಶದವನು, ಅವನಿಗೆ ಮಣಿಕಟ್ಟಿನಿಂದಾಚೆ ಕೈಯೇ ಇಲ್ಲ. ತೊಡೆಯ ಮೇಲೆ ಅಗಲವಾದೊಂದು ಹಲಗೆ ಇಟ್ಟುಕೊಂಡಿದ್ದ. ಅದರ ಮೇಲೆ ರೊಟ್ಟಿಯಷ್ಟು ದೊಡ್ಡ ಎರಡು ಗುಂಡಿ. ಅಂಗೈಯಲ್ಲಾಗಲಿ ಮೊಣಕೈಯಲ್ಲಾಗಲಿ ಒತ್ತಿದರೆ ಸಾಕು, ಕಾರು ಓಡುತ್ತಿತ್ತು. ಅವನು ತಿರುವಿನಲ್ಲಿ ಮೈ ವಾಲಿಸಿದ್ದನ್ನು ನೋಡಿ ನಾನು ಸ್ಟವ್ ಆರಿಸಿ ಪೂರ್ತಿ ವಿಡಿಯೊ ನೋಡಿದೆ. ಅದೂ ಡಬ್ಬಿ ಕಂಪನಿಯದೇ ಪ್ಯಾಡು, ಬೆರಳಿಲ್ಲದವರಿಗಾಗಿಯೇ ಮಾಡಿದ್ದು. ಬೋನಸ್ ಬಂದ ದಿನವೇ ಯಶವಂತಪುರದ ದೊಡ್ಡ ಅಂಗಡಿಗೆ ಹೋದೆ.

ಆ ಪ್ಯಾಡಿನ ಪೆಟ್ಟಿಗೆಯ ಮೇಲೆ 'ಡಬ್ಬಿ ಕೆ ಜೊತೆ ಕೆಲಸ ಮಾಡುತ್ತದೆ' ಎಂದಿತ್ತು. ನಮ್ಮ ಮನೆಯಲ್ಲಿರುವುದು ಬರೀ ಡಬ್ಬಿ. ನಾನು ಆ ಕೆ ಅಕ್ಷರವನ್ನು ನೋಡಿದೆ. ನೋಡಲಿಲ್ಲ ಎಂದು ಯಾರೂ ಹೇಳಬೇಡಿ. ನೋಡಿದೆ, ಓದಿದೆ, ಯೋಚಿಸಿದೆ, ಆಮೇಲೇ ಕೊಂಡೆ.

ಹೇಗೆ ಯೋಚಿಸಿದೆ ಎಂದು ಹೇಳುತ್ತೇನೆ. ನಮ್ಮ ಕೆಲಸದಲ್ಲಿ ಪ್ರತಿ ಭಾಗಕ್ಕೂ ಒಂದು ನಂಬರು, ನಂಬರಿನ ಕೊನೆಗೊಂದು ಅಕ್ಷರ. ಅಂಚು ಸ್ವಲ್ಪ ನುಣುಪು ಮಾಡಿದರು, ಬಣ್ಣ ಬದಲಿಸಿದರು ಎಂದರೆ ಅಕ್ಷರ ಬದಲಾಗುತ್ತದೆ, ಎ ಹೋಗಿ ಬಿ ಆಗುತ್ತದೆ. ನಂಬರು ಅದೇ. ಬಿ ಬಂದರೆ ಅದು ಎ ಕೂರುವ ಜಾಗದಲ್ಲಿ ಕೂರಲೇಬೇಕು. ಕೂರುವುದಿಲ್ಲ ಎಂದರೆ ಅದು ಬೇರೆ ಭಾಗ, ಅದಕ್ಕೆ ಬೇರೆ ನಂಬರು ಕೊಡಬೇಕು. ಇದು ಪೀಣ್ಯದಲ್ಲಿ ಹೊಸದಾಗಿ ಸೇರಿದವರಿಗೂ ಮೊದಲ ವಾರವೇ ಕಲಿಸುವ ಮಾತು. ಒಮ್ಮೆ ಒಬ್ಬ ಗಿರಾಕಿ ತೂತಿನ ಜಾಗ ಬದಲಿಸಿ, ನಂಬರು ಬದಲಿಸದೆ, ಬರೀ ಅಕ್ಷರ ಬದಲಿಸಿ ಕಳಿಸಿದ್ದರು. ಇಡೀ ಲಾಟು ಗುಜರಿ ಸೇರಿತು. ತಪ್ಪು ಅವರದೆಂದು ಅವರೇ ಒಪ್ಪಿ ದಂಡ ತೆತ್ತರು.

ಮೇಲಾಗಿ ಆ ಕಂಪನಿಯವರೇ ಹಿಂದೆ ನನ್ನ ಲೆಕ್ಕವನ್ನು ಸರಿ ಎಂದು ತೋರಿಸಿದ್ದರು. ಡಬ್ಬಿ ಬಂದ ಮೇಲೆ 'ಡಬ್ಬಿ ಎಲ್' ಎಂದು ಬಿಟ್ಟಿದ್ದರು. ಅದೇ ಯಂತ್ರ, ಮೈ ತುಸು ತೆಳ್ಳಗೆ, ಅಷ್ಟೇ. ನಮ್ಮ ಪ್ಯಾಡ್ ಕೆಟ್ಟಾಗ ಡಬ್ಬಿ ಎಲ್‌ನ ಪ್ಯಾಡ್ ತಂದಿದ್ದೆವು, ತಂದ ತಕ್ಷಣ ಆಡಿತು. ಎಲ್ ಕೂತರೆ ಕೆ ಯಾಕೆ ಕೂರುವುದಿಲ್ಲ? ಎಲ್‌ಗಿಂತ ಕೆ ಮೊದಲೇ ಬರುವ ಅಕ್ಷರ ಬೇರೆ. ಡಬ್ಬಿ ಕೆ ಎನ್ನುವುದು ಒಳಗೂ ಹೊರಗೂ ಪೂರ್ತಿ ಬೇರೆಯ ಹೊಸ ಯಂತ್ರವೆಂದೂ, ಹಳೆಯದಕ್ಕೆ ಅದರ ಯಾವ ಪ್ಯಾಡೂ ಆಗುವುದಿಲ್ಲವೆಂದೂ ಆ ಹೆಸರಿನಿಂದ ತಿಳಿಯುವುದಾದರೂ ಹೇಗೆ? ನಮ್ಮಲ್ಲಿ ಇಂಥ ಹೆಸರಿಟ್ಟವನನ್ನು ಗೇಟಿನ ಒಳಗೆ ಬಿಡುತ್ತಿರಲಿಲ್ಲ.

ಆಯುಧಪೂಜೆಗೆ ನಮ್ಮ ಮನೆಯಲ್ಲಿ ಎಲ್ಲರ ಆಯುಧವೂ ಪೂಜೆಗೆ ಕೂರುತ್ತದೆ. ನಾನು ಮಾಲು ಅಳೆಯುವ ವರ್ನಿಯರ್, ಮಗಳ ಕಂಪಾಸ್ ಪೆಟ್ಟಿಗೆ, ಮಿಕ್ಸಿ, ಇಳಿಗೆ ಮಣೆ, ಜೊತೆಗೆ ಡಬ್ಬಿ. ಮುಂಚೆ ಇವರು ತಮ್ಮ ಸ್ಪ್ಯಾನರುಗಳನ್ನು ಇಡುತ್ತಿದ್ದರು. ಹೋದ ವರ್ಷ ಏನೂ ಇಡಲಿಲ್ಲ. ಏನಾದರೂ ಇಡ್ರಿ ಎಂದದ್ದಕ್ಕೆ "ನನ್ನ ಆಯುಧ ಏನೈತಿ ಈಗ, ಗೇಟಿನ ಕೀಲಿ?" ಎಂದು ಎದ್ದು ಹೋಗಿದ್ದರು. ಅದಕ್ಕೇ ಈ ವರ್ಷ ನಾನು ಮಗಳು ಸೇರಿ ಆ ಹೊಸ ಪ್ಯಾಡನ್ನು ಪೆಟ್ಟಿಗೆಯಿಂದ ತೆಗೆದು, ಎಲ್ಲದರ ನಡುವೆ ಇಟ್ಟು, ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಏರಿಸಿದೆವು. ಪೂಜೆಗೆ ಕೂತ ಆಯುಧವನ್ನು ಮರುದಿನದವರೆಗೆ ಮುಟ್ಟುವ ಹಾಗಿಲ್ಲ. ಹಾಗಾಗಿ ಸಿಕ್ಕಿಸಿ ನೋಡಲೂ ಇಲ್ಲ.

ಇವರು ಸ್ನಾನ ಮಾಡಿ ಬಂದು ನೋಡಿದರು. "ಇದ್ಯಾರದು?" ಎಂದರು.

"ನಿಂದು, ಅಪ್ಪಾ," ಎಂದು ಮಗಳು ವಿಡಿಯೊ ತೋರಿಸಿದಳು. ವಿಡಿಯೊ ಮುಗಿದ ಮೇಲೆ ಇವರು ಮತ್ತೆ ಹಾಕು ಎಂದರು. ಆ ದಿನ ಗೋಡೆಯ ಕಡೆ ತಿರುಗದೆ ಊಟ ಮಾಡಿದರು. ನಾನದನ್ನು ನೋಡಿಯೂ ನೋಡದವಳ ಹಾಗೆ ಹೋಳಿಗೆ ಬಡಿಸಿದೆ.

ಮರುದಿನ ವಿಜಯದಶಮಿ. ಮಗಳು ಚಾಪೆ ಹಾಸಿದಳು. ಇವರು ಕೂತು, ಕಿಸೆಯಿಂದ ಕೈ ತೆಗೆದರು. ನಮ್ಮಿಬ್ಬರೆದುರು ಹಾಗೆ ಹಗಲು ಬೆಳಕಿನಲ್ಲಿ ಆ ಕೈಯನ್ನು ಇಟ್ಟಿದ್ದು ಅದೇ ಮೊದಲು. ಪ್ಯಾಡನ್ನು ತೊಡೆಯ ಮೇಲಿಟ್ಟುಕೊಂಡು ದೊಡ್ಡ ಗುಂಡಿಯ ಮೇಲೆ ಅಂಗೈ ಊರಿದರು. ಮಗಳು ವಯರು ಸಿಕ್ಕಿಸಿದಳು.

ಏನೂ ಆಗಲಿಲ್ಲ.

ತೆಗೆದು ಸಿಕ್ಕಿಸಿದಳು. ಡಬ್ಬಿ ಆರಿಸಿ ಹಾಕಿದಳು. ವಯರು ಊದಿದಳು. ಇವರು ಅಂಗೈಯನ್ನು ಒತ್ತುತ್ತಲೇ ಇದ್ದರು, ಒತ್ತುವುದು ಸರಿಯಿಲ್ಲವೇನೋ ಎಂಬಂತೆ ಮೆತ್ತಗೆ, ಜೋರಾಗಿ, ಅಂಗೈ ಅಂಚಿನಿಂದ. ಟೀವಿಯ ಮೇಲೆ ಕೊನೆಗೊಂದು ಸಾಲು ಬಂತು: ಈ ಸಾಧನ ಈ ಯಂತ್ರಕ್ಕೆ ಹೊಂದುವುದಿಲ್ಲ.

"ನಾ ಸರಿ ಒತ್ತಲಿಲ್ಲೇನೋ," ಎಂದರು ಇವರು. ಕೈ ಮತ್ತೆ ಕಿಸೆಗೆ ಹೋಯಿತು. ಎದ್ದು ಮೆಟ್ಟಿಲ ಮೇಲೆ ಹೋಗಿ ಕೂತರು.

ನನ್ನ ಸಿಟ್ಟು ಹುಟ್ಟಿದ್ದು ಆ ಮಾತಿಗೆ. ಯಂತ್ರ ಹೊಂದುವುದಿಲ್ಲ ಎಂದು ದೊಡ್ಡಕ್ಷರದಲ್ಲಿ ಬರೆದು ತೋರಿಸುತ್ತಿರುವಾಗಲೂ ತಪ್ಪು ತನ್ನದೇ ಎನ್ನುವ ಹಾಗೆ ಈ ಮನುಷ್ಯನನ್ನು ಮಾಡಿದ್ದರಲ್ಲ.

ಕಸ್ಟಮರ್ ಕೇರಿಗೆ ಫೋನು ಮಾಡಿದೆ. ಕನ್ನಡ ಬರುವವರನ್ನು ಕೊಡಿ ಎಂದು ಜಗಳವಾಡಿದ ಮೇಲೆ ಒಬ್ಬ ಹುಡುಗ ಲೈನಿಗೆ ಬಂದ. ಅವನ ದನಿಯಲ್ಲಿ ಜೇನು ಸುರಿಯುತ್ತಿತ್ತು. "ಮೇಡಂ, ಡಬ್ಬಿ ಬೇರೆ, ಡಬ್ಬಿ ಕೆ ಬೇರೆ ಮೇಡಂ."

"ಮತ್ತೆ ಡಬ್ಬಿ ಎಲ್?"

"ಅದು ಡಬ್ಬಿನೇ ಮೇಡಂ."

"ಎಲ್ ಆದ್ರೆ ಡಬ್ಬಿನೇ, ಕೆ ಆದ್ರೆ ಡಬ್ಬಿ ಅಲ್ಲ. ಇದು ಎಲ್ಲಿ ಬರ್ದಿದೆ?"

"ನಿಮ್ಗಾದ ತೊಂದರೆಗೆ ವಿಷಾದಿಸ್ತೀವಿ ಮೇಡಂ. ಮುಂದಿನ್ ಸಲ ತಗೊಳೋಕ್ ಮುಂಚೆ ದಯವಿಟ್ಟು ಸರಿಯಾಗಿ ಚೆಕ್ ಮಾಡಿ," ಎಂದ. ದಿನವಿಡೀ ಚೆಕ್ ಮಾಡುವುದೇ ನನ್ನ ಅನ್ನ. ಫೋನಿಟ್ಟು ಒಗೆಯುವ ಬಟ್ಟೆಯ ಮೇಲೆ ಸಿಟ್ಟು ತೀರಿಸಿಕೊಂಡೆ.

ಬಟ್ಟೆ ಒಣಗಿಸಲು ತಾರಸಿಗೆ ಹೋದರೆ ಅಲ್ಲಿ ನಮ್ಮ ಓನರ್ ಅಮ್ಮ ರಾಗಿ ಹರವುತ್ತಿದ್ದರು. ಈ ಊರು ಹಳ್ಳಿಯಾಗಿದ್ದಾಗಿನಿಂದ ಇರುವವರು. ಹೊಲವಿದ್ದ ಜಾಗದಲ್ಲೇ ಈ ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದಾರೆ. ಪಕ್ಕದಲ್ಲಿ ಅವರ ಸೊಸೆ ಲ್ಯಾಪ್‌ಟಾಪು ಹಿಡಿದು ಕೂತಿದ್ದಳು. ಅವಳದು ವೈಟ್‌ಫೀಲ್ಡಿನಲ್ಲಿ ಕೆಲಸ, ಹೊಸ ಸಾಮಾನುಗಳಿಗೆ ಹೆಸರು, ಜಾಹೀರಾತು ಯೋಚಿಸುವ ಕಂಪನಿ. ಒಳ್ಳೆಯ ಹುಡುಗಿ, ನನ್ನ ಮಗಳಿಗೆ ಇಂಗ್ಲಿಷ್ ಹೇಳಿಕೊಡುತ್ತಾಳೆ. ನಾನು ಬಟ್ಟೆ ಕೊಡವಿದ ರಭಸ ನೋಡಿಯೇ ಏನಾಯಿತೆಂದು ಕೇಳಿದಳು. ಹೇಳಿದೆ.

"ಆಂಟಿ, ಬೇಜಾರ್ ಮಾಡ್ಕೋಬೇಡಿ," ಎಂದಳು. "ಕನ್‌ಫ್ಯೂಶನ್ ಸ್ವಲ್ಪ ಆಗುತ್ತೆ. ಆದ್ರೆ ಸೇಲ್ಸ್‌ಗೆ ನೇಮ್ ಅಷ್ಟೊಂದ್ ಮ್ಯಾಟರ್ ಆಗಲ್ಲ. ಗೇಮ್ ಆಡೋರು ಎಲ್ಲಾ ತಿಳ್ಕೊಂಡೇ ಬರ್ತಾರೆ. ಹಳೇ ಹೆಸರಿಗೆ ಒಂದ್ ಬೆಲೆ ಇರುತ್ತೆ, ಅದನ್ನ ಬಿಟ್ಟು ಹೊಸಾ ಹೆಸರಿಟ್ರೆ ಮತ್ತೆ ಸೊನ್ನೆಯಿಂದ ಶುರು ಮಾಡ್ಬೇಕು."

"ಅಂದ್ರೆ ಹೆಸರು ಮುಖ್ಯನೇ," ಎಂದೆ ನಾನು. "ನಿಮಗೆ ಲಾಭ ಆಗೋವಾಗ ಮುಖ್ಯ. ನಮಗೆ ನಷ್ಟ ಆಗೋವಾಗ ಮುಖ್ಯ ಅಲ್ಲ."

ಅವಳು ಉತ್ತರ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅತ್ತೆ ರಾಗಿಯಿಂದ ತಲೆಯೆತ್ತದೆ ಕೇಳಿದರು: "ಅಸ ಕರ ಆಕುದ್ರೆ ಕರಕ್ಕೆ ಬ್ಯಾರೆ ಎಸ್ರು ಇಕ್ತೀವಿ. ಗೌರಿ ಕರಕ್ಕೆ ಗೌರಿ ಕೆ ಅಂತ ಯಾರಾನ ಇಕ್ತಾರ?"

ಸೊಸೆ ನಕ್ಕಳು. ನನಗೂ ನಗು ಬಂತು, ಆದರೆ ಸಿಟ್ಟು ಇಳಿಯಲಿಲ್ಲ. ತಿಳಿದುಕೊಂಡೇ ಬರುತ್ತಾರಂತೆ. ಹುಟ್ಟಿದಾಗಿನಿಂದ ಅದನ್ನೇ ಆಡಿಕೊಂಡವರು ತಿಳಿದುಕೊಂಡು ಬರಬಹುದು. ಮಗನಿಗೆ ಹುಟ್ಟುಹಬ್ಬಕ್ಕೆ ಕೊಡಲು ಶಿಫ್ಟು ಮುಗಿಸಿ ಓಡುತ್ತಾ ಬಂದ ಅಪ್ಪ, ಮೊಮ್ಮಗಳು ಕೇಳಿದಳೆಂದು ಬಂದ ಅಜ್ಜಿ, ಇವರೆಲ್ಲ ಏನು ತಿಳಿದುಕೊಂಡು ಬರಬೇಕು? ದುಡ್ಡು ಕೊಡುವವರೆಲ್ಲ ಇವರೇ ಅಲ್ಲವೇ? ಅದರಲ್ಲೂ ಬೆರಳಿಲ್ಲದವರಿಗೆಂದು ಒಂದು ಸಾಧನ ಮಾಡಿ, ಅದು ಯಾವುದಕ್ಕೆ ಹೊಂದುತ್ತದೆ ಎಂಬುದನ್ನೇ ಒಗಟು ಮಾಡಿಟ್ಟರಲ್ಲ, ಅದನ್ನು ನಾನು ಹೇಗೆ ಕ್ಷಮಿಸಲಿ? ಮಾಡಿದವರ ಬುದ್ಧಿಗೆ ಕೈ ಮುಗಿಯುತ್ತೇನೆ. ಹೆಸರಿಟ್ಟವರ ಬುದ್ಧಿಗೆ ಕೆಂಪು ಚೀಟಿ.

ಭಾನುವಾರ ಪ್ಯಾಡನ್ನು ಪೆಟ್ಟಿಗೆಗೆ ತುಂಬಿಕೊಂಡು ಅಂಗಡಿಗೆ ಹೊರಟೆ. ಆಶ್ಚರ್ಯವೆಂದರೆ ಇವರೂ ಶರ್ಟು ಹಾಕಿಕೊಂಡು ಬಂದರು. "ನೀ ಒಬ್ಬಾಕಿನ ಹೋದರ ಅಂಗಡಿ ಸುಟ್ಟ ಬರ್ತಿ," ಎಂದರು. ಪೆಟ್ಟಿಗೆ ನನ್ನ ಕೈಯಲ್ಲಿತ್ತು, ಇವರ ಕೈ ಕಿಸೆಯಲ್ಲಿತ್ತು.

ಅಂಗಡಿಯಲ್ಲಿ ದೀಪಾವಳಿಯ ಬಲೂನು ಕಟ್ಟಿದ್ದರು. ಕೌಂಟರಿನವನು ಪೆಟ್ಟಿಗೆ ತೆರೆದು ಮುಖ ಕಿವಿಚಿದ. "ಕುಂಕುಮ ಹಚ್ಬಿಟ್ಟಿದೀರಲ್ಲ ಮೇಡಂ. ಯೂಸ್ ಆಗಿರೋ ಐಟಂ ವಾಪಸ್ ತಗೊಳಲ್ಲ."

"ಯೂಸ್ ಆಗಿದ್ರೆ ನಾನ್ಯಾಕ್ ಬರ್ತಿದ್ದೆ? ಯೂಸ್ ಆಗ್ಲಿಲ್ಲ ಅಂತಾನೇ ಬಂದಿರೋದು," ಎಂದೆ. ನನ್ನ ದನಿಗೆ ಪಕ್ಕದವರೆಲ್ಲ ತಿರುಗಿದರು, ಒಳಗಿನಿಂದ ಮ್ಯಾನೇಜರ್ ಬಂದ. ಅವನಿಗೆ ಪೂರ್ತಿ ಕಥೆ ಹೇಳಿದೆ, ಅಕ್ಷರದ ನಿಯಮವನ್ನೂ ಬಿಡದೆ. ಅವನು ತಾಳ್ಮೆಯಿಂದ ಕೇಳಿದ. ಆಮೇಲೆ ಬೆನ್ನ ಹಿಂದಿನ ಕಪಾಟಿನಿಂದ ಡಬ್ಬಿ ಕೆ ತೆಗೆದು ಕೌಂಟರಿನ ಮೇಲಿಟ್ಟ.

"ನೋಡಿ ಮೇಡಂ, ಹಬ್ಬದ ಆಫರ್ ಇದೆ. ಈ ಪ್ಯಾಡ್ ವಾಪಸ್ ತಗೊಂಡು, ಅದೇ ದುಡ್ಡನ್ನ ಮೊದಲ್ನೇ ಕಂತಿಗೆ ಹಿಡ್ಕೊಂಡು ಇದನ್ನ ಇ‌ಎಂಐಗೆ ಹಾಕ್ಕೊಡ್ತೀನಿ, ಪ್ಯಾಡನ್ನ ಇದ್ರ ಜೊತೆ ಫ್ರೀ ಅಂತ ನಿಮಗೇ ಕೊಡ್ತೀನಿ. ರಿಟರ್ನ್ ಕಾರಣ ಮಾತ್ರ ನೀವು ಒತ್ಬೇಕು, ಅಷ್ಟೇ," ಎಂದು ಟ್ಯಾಬನ್ನು ನನ್ನ ಕಡೆ ತಿರುಗಿಸಿದ.

ನನಗೆ ಅವನ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು. ಡಬ್ಬಿ ಕೆ, ಪ್ಯಾಡು, ಚಾಪೆ, ಭಾನುವಾರ ಎಲ್ಲ ಕಣ್ಣಿಗೆ ಬಂದವು. ಟ್ಯಾಬಿನಲ್ಲಿ ಮೂರು ಕಾರಣಗಳಿದ್ದವು. ವಸ್ತು ಕೆಟ್ಟಿದೆ. ಬಣ್ಣ ಇಷ್ಟವಾಗಲಿಲ್ಲ. ಗ್ರಾಹಕರ ತಪ್ಪಿನಿಂದ ಖರೀದಿ. ಇನ್ನೊಂದೇನೂ ಇರಲಿಲ್ಲ.

"ಹೆಸರು ಗೊಂದಲ ಅಂತ ಇಲ್ವಾ?"

"ಅದು ಸಿಸ್ಟಂನಲ್ಲಿ ಇಲ್ಲ ಮೇಡಂ. ಮೂರನೇದು ಒತ್ತಿ. ಬರೀ ಫಾರ್ಮಾಲಿಟಿ."

ನನ್ನ ತಪ್ಪಲ್ಲ ಎಂದು ವಾರವಿಡೀ ಊರಿಗೆಲ್ಲ ಸಾರಿದ ನಾನು ಒತ್ತಲು ಸಿದ್ಧಳಾದೆ. ಸುಳ್ಳು ಹೇಳುವುದಿಲ್ಲ, ಸಿದ್ಧಳಾದೆ. ಇವರು ಮೈ ವಾಲಿಸಿ ಆಡುವುದನ್ನು ಮತ್ತೆ ನೋಡುವುದಾದರೆ ಮೂರನೆಯದಲ್ಲ, ಮುನ್ನೂರು ಸುಳ್ಳು ಒತ್ತುತ್ತಿದ್ದೆ. ಬೆರಳು ಮುಂದೆ ಹೋಯಿತು.

"ಒತ್ತಬ್ಯಾಡ."

ಇವರು. ದನಿ ಏರಿರಲಿಲ್ಲ. ಆದರೆ ಬಲಗೈ ಕಿಸೆಯಿಂದ ಹೊರಗೆ ಬಂದಿತ್ತು, ನನ್ನ ಬೆರಳಿಗೂ ಟ್ಯಾಬಿಗೂ ನಡುವೆ ಅಡ್ಡ ಇತ್ತು. ಮ್ಯಾನೇಜರ್ ಅದನ್ನು ನೋಡಿದ, ಕೌಂಟರಿನವನು ನೋಡಿದ, ಹಿಂದೆ ಸಾಲಿನಲ್ಲಿದ್ದವರೂ ನೋಡಿದರು.

"ಬರೀ ಫಾರ್ಮಾಲಿಟಿ ಸಾರ್," ಎಂದ ಮ್ಯಾನೇಜರ್, ಈಗ ಮೆತ್ತಗೆ.

"ಆವಾಗನೂ ಹಂಗ ಅಂದಿದ್ರು," ಎಂದರು ಇವರು. ನನ್ನ ಕಡೆ ತಿರುಗಿದರು. "ಒಮ್ಮೆ ಒತ್ತೇನಿ. ಸಾಕು. ನಡಿ."

ಹೊರಗೆ ಬಂದ ಮೇಲೆ ನನಗೆ ಇವರ ಮೇಲೇ ಕೋಪ ಬಂತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ. ನಿಮಗಾಗಿಯೇ ಇಷ್ಟೆಲ್ಲ ಮಾಡಿದ್ದು, ಮಗಳಿಗೆ ಏನು ಹೇಳಲಿ ಎಂದು ಮೆಟ್ರೋ ಮೆಟ್ಟಿಲು ಹತ್ತುವವರೆಗೂ ಬಯ್ದೆ. ಇವರು ನನ್ನ ಕೈಯಿಂದ ಪೆಟ್ಟಿಗೆ ಇಸಿದುಕೊಂಡರು. ಬಯ್ಯುವ ಭರದಲ್ಲಿ ಯಾವ ಕೈಯಲ್ಲಿ ಎಂದು ನಾನು ನೋಡಲಿಲ್ಲ.

ರೈಲಿನಲ್ಲಿ ಜಾಗವಿರಲಿಲ್ಲ. ಇವರು ಎಡಗೈಯಿಂದ ಮೇಲಿನ ಹಿಡಿ ಹಿಡಿದು, ಪೆಟ್ಟಿಗೆಯನ್ನು ಬಲಗೈಯ ಎರಡು ಬೆರಳು ಮತ್ತು ಅಂಗೈಯಿಂದ ಎದೆಗೆ ಒತ್ತಿಕೊಂಡು ನಿಂತಿದ್ದರು. ಎಲ್ಲರಿಗೂ ಕಾಣುವ ಹಾಗೆ. ಎದುರಿಗೆ ಕೂತಿದ್ದ ಒಬ್ಬ ವಯಸ್ಸಾದವರು ಆ ಕೈಯನ್ನೇ ನೋಡುತ್ತಿದ್ದರು. ಪೀಣ್ಯ ದಾಟುವಾಗ ತಡೆಯಲಾರದೆ ಕೇಳಿದರು.

"ಏನಾಯ್ತಪ್ಪ ಕೈಗೆ?"

ನಾನು ಕಿಟಕಿಯ ಕಡೆ ತಿರುಗಿದೆ. ಆ ಹಳೆಯ ಉತ್ತರವನ್ನು ಇನ್ನೊಮ್ಮೆ ಕೇಳುವ ಶಕ್ತಿ ನನಗೆ ಅಂದು ಇರಲಿಲ್ಲ.

"ಪ್ರೆಸ್ಸು ಎರಡ ಸಲ ಇಳೀತರಿ," ಎಂದರು ಇವರು. "ಸೇಫ್ಟಿ ಬಿಚ್ಚಿ ಇಟ್ಟಿದ್ರು."